ನಮ್ಮದಲ್ಲದ ಕೊಡಲಿಗೆ ನಮ್ಮಲ್ಲೇ ಜಗಳ

ಪ್ರಶ್ನೆ:

ಅಕ್ಕಾರ, ನಮ್ಮ ತವರುಮನಿ ಕಲಬುರಗಿ ಶಹಾಬಜಾರದಾಗ ಅದ. ನನ್ನ ಕೊಟ್ಟಿದ್ದೂ ಇದೇ ಊರಾಗ, ಎರಡು ಓಣಿ ದಾಟಿದ್ರ ತವರು. ಅಪ್ಪ ತೀರಿಕೊಂಡು ವರ್ಷ ಆಯ್ತು. ಈಗ ಆ ಮನ್ಯಾಗ ಅವ್ವ, ದೊಡ್ಡಣ್ಣ, ವೈನಿ, ಅವರ ಮಕ್ಕಳು ಅದಾರ. ತಮ್ಮ ಕಮಲಾಪುರದಾಗ ಹೊಲಾ ನೋಡ್ಕೊಂಡಿರ್ತಾನ.

ನಮ್ಮ ಮನ್ಯಾಗ ಒಂದು ಹಳೀ ಕೊಡಲಿ ಅದರಿ. ಕಟಗಿ ಒಡಿಯೋದಲ್ಲ. ಅಲಗು ತೆಳ್ಳಗ, ಅರ್ಧಚಂದ್ರನಂಗ. ಎರಡೂ ಬಾಜು ಬಳ್ಳಿ, ಹೂವು ಕೆತ್ಯಾರ, ನಡುವ ಉರ್ದುದಾಗೋ ಫಾರಸಿದಾಗೋ ಬರದದ. ಅಲ್ಲಲ್ಲಿ ಬಂಗಾರದ ಬಣ್ಣ ಉಳದದ. ಹಿಡಿ ಕಬ್ಬಿಣದ ಕೊಳವಿ, ತುದಿಗೆ ತಿರುಪಿನಂಥ ಗುಂಡು ಅದ, ಈಗ ತಿರುಗಂಗಿಲ್ಲ. ಅಪ್ಪ ವರ್ಷಕ್ಕೊಮ್ಮೆ ಖಂಡೆಪೂಜಿಗೆ ಟ್ರಂಕಿನಿಂದ ತಗದು ಜಗಲಿ ಮ್ಯಾಲ ಇಟ್ಟು, ಕುಂಕುಮ ಹಚ್ಚಿ, ಲಿಂಬಿಹಣ್ಣು ಕೊಯ್ದು ಮತ್ತ ಒಳಗ ಇಡ್ತಿದ್ರು. ಅವ್ವ ಹೇಳ್ತಾಳ, ಆಕಿ ಹೊಸದಾಗಿ ಈ ಮನಿಗೆ ನಡೀಲಿಕ್ಕೆ ಬಂದಾಗ ಅಜ್ಜ ಹೇಳಿದ್ರಂತ: ರಜಾಕಾರರ ಗದ್ದಲದ ವರ್ಷ ದರ್ಗಾದ ಕಡೆ ಇರ್ತಿದ್ದ ಒಬ್ಬ ಫಕೀರ ಇದನ್ನ ತಂದು, ಇಟ್ಟಿರ್ರಿ, ಬಂದು ಒಯ್ತೀನಿ ಅಂದಿದ್ದ, ಮತ್ತ ಬರಲಿಲ್ಲ. ‘ಇದು ನಮ್ದಲ್ಲ, ಇಟ್ಕೊಂಡೀವಿ’ ಅಂತಿದ್ರಂತ.

ಈಗ ಹೈದರಾಬಾದಿನ ಒಬ್ಬ ಬ್ಯಾಪಾರಿ ಬಂದು 40 ಸಾವಿರ ಕೊಡ್ತೀನಿ ಅಂದಾನ. ಅಣ್ಣ ಮಾರೂಣು ಅಂತಾನ. ತಮ್ಮ ಮೊಬೈಲ್‌ನಾಗ ಲಂಡನ್ ಲಿಲಾವು ನೋಡಿ ಇದಕ್ಕ ಕೋಟಿ ಬರ್ತದ, ಅಣ್ಣ ಒಳಗಿಂದೊಳಗ ರೊಕ್ಕ ಹೊಡೀಲಿಕ್ಕೆ ನೋಡ್ಲಿಕತ್ತಾನ ಅಂತಾನ. ವೈನಿ, ಇದು ಮನ್ಯಾಗ ಇದ್ದದ್ದಕ್ಕೇ ಮಾವ ಹೋದ್ರು, ಕೊಡಲಿ ಕಾವು ಕುಲಕ್ಕ ಮೃತ್ಯು, ಹೊಳಿಗೆ ಒಗದು ಬರ್ರಿ ಅಂತಾಳ. ಬಾಜೂಮನಿಯವ್ರು ಪೊಲೀಸ್ ಕೇಸ್ ಆಗ್ತದ ಅಂತ ಅಂಜಿಸ್ಯಾರ. ಬ್ಯಾಪಾರಿಗೆ ಚೆಂದ ಕಾಣ್ಲಿ ಅಂತ ಅಣ್ಣ ಒಂದು ಬಾಜು ಹುಣಸಿಹಣ್ಣು ಹಚ್ಚಿ ತಿಕ್ಕ್ಯಾನ. ತಮ್ಮ ತನ್ನ ಹೊಲದಾಗ ಸಿಕ್ಕ ಕರೇ ನುಣ್ಣನ ಕಲ್ಲಿನ ಕೊಡಲೀನೂ ಇದರ ಕೂಡ ಮಾರ್ತೀನಿ ಅಂತ ಕುಂತಾನ. ಅಣ್ಣ ತಮ್ಮ ಮಾತು ಬಿಟ್ಟಾರ. ಅವ್ವ ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲ. ನಾ ಮಾತಾಡಿದ್ರ ‘ಕೊಟ್ಟ ಮನಿ ಹೆಣ್ಣು, ನಿನಗ್ಯಾಕ’ ಅಂತಾರ. ಏನ್ ಮಾಡ್ಲಿ ಅಕ್ಕಾರ?

— ಒಬ್ಬ ತಂಗಿ, ಶಹಾಬಜಾರ

ಉತ್ತರ:

ತಂಗಿ, ಬೆಲೆ, ಪೊಲೀಸು, ಶಕುನ ಎಂದು ನಿಮ್ಮ ಪತ್ರದಲ್ಲಿ ಅಂಜಿಕೆಗಳು ಒಂದರ ಬೆನ್ನಿಗೊಂದು ಬಂದಿವೆ. ಇವುಗಳ ನಡುವೆ ಒಂದು ಸಾಲನ್ನು ನೀವು ಹಾಗೇ ಬರೆದು ಮುಂದೆ ಹೋಗಿದ್ದೀರಿ: ‘ಇದು ನಮ್ದಲ್ಲ, ಇಟ್ಕೊಂಡೀವಿ.’ ನಿಮ್ಮ ಅಣ್ಣನಾಗಲಿ ತಮ್ಮನಾಗಲಿ ಆ ಸಾಲನ್ನು ಕಿವಿಗೊಟ್ಟು ಕೇಳಿದಂತಿಲ್ಲ. ಕೇಳಿದ್ದರೆ ಯಾರಿಗೆಷ್ಟು ಎಂಬ ಜಗಳ ಇಲ್ಲಿಯತನಕ ಬರುತ್ತಿರಲಿಲ್ಲ. ಒಬ್ಬರು ನಂಬಿ ಬಿಟ್ಟುಹೋದ ವಸ್ತುವನ್ನು ನಿಮ್ಮ ಊರಲ್ಲಿ ಎಲ್ಲ ಜಾತಿಯವರೂ ಅಮಾನತು ಎಂದೇ ಕರೆಯುತ್ತಾರೆ. ಅಜ್ಜ ಅದನ್ನು ಅಮಾನತೆಂದು ಇಟ್ಟರು, ಅಪ್ಪ ಅಮಾನತೆಂದು ಕಾದರು. ಮೊಮ್ಮಕ್ಕಳ ಕಾಲಕ್ಕೆ ಅದು ಆಸ್ತಿ ಆದದ್ದು ಹೇಗೆ? ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೊಡಲಿಯನ್ನು ಮಾರಬೇಡಿ, ಹೊಳೆಗೂ ಒಗೆಯಬೇಡಿ. ಅದರ ಕಥೆ ನಿಜವೋ ಅಲ್ಲವೋ ತಿಳಿಯುವತನಕ ಯಾರೂ ಅದಕ್ಕೆ ಪಾಲು ಕೇಳುವಂತಿಲ್ಲ.

ರಜಾಕಾರರ ಗದ್ದಲದ ಆ ವರ್ಷ ಯಾವುದು ಎಂದು ನಿಮ್ಮ ಅಣ್ಣನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮನ ಹೈದರಾಬಾದ್ ಸಂಸ್ಥಾನದೊಳಕ್ಕೆ ಬಂತು, 17ಕ್ಕೆ ನಿಜಾಮ ಕೈಚೆಲ್ಲಿದ. ಅದಕ್ಕೂ ಮೊದಲು ತಿಂಗಳುಗಟ್ಟಲೆ ನಿಜಾಮನ ಪರದ ಪಡೆಯಾದ ರಜಾಕಾರರ ಹಾವಳಿಗೆ ಊರೂರೇ ಅಂಜಿ ಗಡಿ ದಾಟಿ ಹೋಗಿದ್ದವು. ಅದಾದ ಮೇಲಿನ ವಾರಗಳಲ್ಲಿ ಅಂಜಿ ಓಡುವ ಸರದಿ ಏನೂ ತಪ್ಪು ಮಾಡದ ಬಡ ಮುಸಲ್ಮಾನರದಾಯಿತು. ಕೇಂದ್ರ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದವೆಂದು ಹೆಸರಿಸಿದ 4 ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದು. ಉಳಿದವು ಬೀದರ, ಉಸ್ಮಾನಾಬಾದ್, ನಾಂದೇಡ. ಅಂಥ ದಿನಗಳಲ್ಲಿ ಕೈಯಲ್ಲಿ ಕೊಡಲಿ ಹಿಡಿದು ರಸ್ತೆಯಲ್ಲಿ ನಡೆಯುವುದೆಂದರೆ, ಅದು ಎಷ್ಟೇ ಮೊಂಡಾಗಿದ್ದರೂ, ಜೀವಕ್ಕೆ ಅಪಾಯ. ಒಬ್ಬ ಫಕೀರ ತನ್ನ ಗುರುತಿನ ಕೊಡಲಿಯನ್ನು ಪರಿಚಯದ ಮನೆಯಲ್ಲಿ ಬಿಟ್ಟು ಹೋದನೆಂದರೆ ನಂಬಲಾಗದ ಮಾತೇನಲ್ಲ. ಅದನ್ನು ಇಟ್ಟುಕೊಂಡವರಿಗೂ ಆಗ ಅಷ್ಟೇ ಅಪಾಯ ಇತ್ತು. ನಿಮ್ಮ ಅಜ್ಜನ ಎದೆಗಾರಿಕೆಯ ಬಗ್ಗೆ ನಿಮ್ಮ ಮನೆಯಲ್ಲಿ ಯಾರೂ ಮಾತಾಡಿದಂತೆ ಕಾಣಲಿಲ್ಲ.

ಆದರೆ ಕಥೆ ನಂಬುವಂತಿದೆ ಎಂದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ವಸ್ತು ಏನು ಹೇಳುತ್ತದೆ ಎಂಬುದನ್ನೂ ಕೇಳಬೇಕು.

ನೀವು ಬರೆದ ಗುರುತುಗಳು ಕಥೆಯ ಕಡೆಗೇ ವಾಲುತ್ತವೆ. ಇರಾನಿನಿಂದ ದಖ್ಖನಿನವರೆಗೆ ಅಲೆಯುತ್ತಿದ್ದ ಕಲಂದರರು, ದರ್ವೇಶಿಗಳು ಎರಡು ವಸ್ತುಗಳನ್ನು ಬಿಡುತ್ತಿರಲಿಲ್ಲ. ಒಂದು ಕಶ್ಕೋಲ್, ಅಂದರೆ ಭಿಕ್ಷಾಪಾತ್ರೆ. ಒಳ್ಳೆಯದಾದರೆ ಅದು ದರಿಯಾಯಿ ನಾರಿಯಲ್‌ನ ಚಿಪ್ಪಿನದು, ಸೀಶೆಲ್ಸ್ ದ್ವೀಪಗಳಲ್ಲಷ್ಟೇ ಬೆಳೆಯುವ ಜೋಡಿ ತೆಂಗು, ಸಮುದ್ರದಲ್ಲಿ ತೇಲಿ ಬಂದದ್ದು. ಇನ್ನೊಂದು ತಬರ್, ಅಂದರೆ ಕೊಡಲಿ. ಕಾಡುದಾರಿಯಲ್ಲಿ ನಾಯಿ ನರಿ ಓಡಿಸಲಿಕ್ಕೆ ಅದು ಒಂದಿಷ್ಟು ಉಪಯೋಗಕ್ಕೆ ಬಂದಿರಬಹುದು. ಹೆಚ್ಚಾಗಿ ಅದು ಲೋಕದ ಆಸೆ ಕಡಿದುಕೊಂಡವನು ಎಂಬುದರ ಗುರುತು. ಹಾಗಾಗಿಯೇ ಅದರ ಅಲಗು ತೆಳ್ಳಗೆ, ತೂಕ ಕಡಿಮೆ. ಮೈಮೇಲೆ ಬಳ್ಳಿ, ಹೂವು, ದೇವರ ಹೆಸರು, ಪ್ರಾರ್ಥನೆಯ ಸಾಲು. ದರ್ಗಾದ ಸೂಫಿ ಸಂತ ಖ್ವಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡಂದಿನಿಂದ ಜಿಲ್ಖಾದ್ ತಿಂಗಳ ಉರುಸಿಗೆ ಫಕೀರರು ಬರುವ ಊರು ನಿಮ್ಮದು. ಅಂಥ ಊರಿನ ಹಳೆಯ ಮನೆಯೊಂದರಲ್ಲಿ ಇಂಥ ಕೊಡಲಿ ಸಿಕ್ಕರೆ ನನಗೆ ಆಶ್ಚರ್ಯವಿಲ್ಲ.

ಬೇರೆ ಸಾಧ್ಯತೆಗಳೂ ಇವೆ. ಅಲಗಿನ ಹಿಂಬದಿ ದಪ್ಪಗಿದ್ದು, ಕೈಗೆ ಭಾರ ಬಿದ್ದು, ಅಂಚು ನಿಜವಾಗಿ ಹರಿತವಿದ್ದರೆ ಅದು ಯುದ್ಧದ ತಬರ್. ಸಂಸ್ಥಾನದ ಯಾವುದೋ ಜಮಾದಾರನ ಮನೆಯದಿರಬಹುದು. ಹಿಡಿ ಕೊಳವೆಯಾಗಿದ್ದು ತುದಿಯ ಗುಂಡು ತಿರುಪಿನದಾದರೆ ಒಳಗೆ ಸಣ್ಣ ಚೂರಿ ಅಡಗಿರಬಹುದು. ಹಿಂದೂಸ್ತಾನದ ತಬರ್‌ಗಳಲ್ಲಿ ಹೀಗೆ ಮಾಡುವ ರೂಢಿ ಇತ್ತು. ನಿಮ್ಮದು ತಿರುಗುವುದಿಲ್ಲ ಎಂದಿರಿ. ಪಕ್ಕಡ್ ಹಾಕಿ ತಿರುಗಿಸಲಿಕ್ಕೆ ಯಾರನ್ನೂ ಬಿಡಬೇಡಿ. ತುಕ್ಕು ಹಿಡಿದ ತಿರುಪು ಮುರಿಯುತ್ತದೆ, ಕೊಳವೆ ಸೀಳುತ್ತದೆ. ಮೂರನೆಯ ಸಾಧ್ಯತೆ ನಿಮ್ಮ ತಮ್ಮನಿಗೆ ರುಚಿಸಲಿಕ್ಕಿಲ್ಲ. ಉದಯಪುರ, ಮೊರಾದಾಬಾದ್ ಕಡೆಯಿಂದ ಗೋಡೆಗೆ ತೂಗಹಾಕುವ ಶೋಕಿಯ ಕೊಡಲಿಗಳು ರಾಶಿಗಟ್ಟಲೆ ಬಂದಿವೆ, ಈಗಲೂ ಬರುತ್ತವೆ. ಆಸಿಡ್‌ನಿಂದ ಚಿತ್ರ ಕೊರೆದು, ಮೇಲೆ ಬಂಗಾರದ ನೀರು ಕುಡಿಸಿದವು. ಹೊಸದಾಗಿದ್ದೂ ಹಳತಿನ ವೇಷ ಹಾಕಿದವು.

ಮನೆಯಲ್ಲೇ ಒಂದಿಷ್ಟು ನೋಡಿಕೊಳ್ಳಬಹುದು. ಒಂದು ಭೂತಗನ್ನಡಿ ತನ್ನಿ. ಬಂಗಾರದ ಬಣ್ಣ ಹೋದ ಜಾಗದಲ್ಲಿ ಕಬ್ಬಿಣದ ಮೈ ಹೇಗಿದೆ ನೋಡಿ. ಸೂಜಿಯಿಂದ ಗೀರಿದಂತೆ ಅಡ್ಡಡ್ಡ ಉದ್ದುದ್ದ ಸಣ್ಣ ಗೆರೆಗಳ ಜಾಳಿಗೆ ಕಂಡರೆ ಅದು ಕೋಫ್ತಗಾರಿ: ಕಬ್ಬಿಣದ ಮೈಯನ್ನು ಮೊದಲು ಒರಟು ಮಾಡಿ, ಅದರ ಮೇಲೆ ಬಂಗಾರದ ಎಳೆಯನ್ನು ಬಡಿದು ಕೂರಿಸುವ ಕೆಲಸ. ಜಾಳಿಗೆ ಇಲ್ಲದೆ ಮೈ ನುಣ್ಣಗಿದ್ದು ಬಣ್ಣ ಹೊಟ್ಟಿನಂತೆ ಎದ್ದಿದ್ದರೆ ಅದು ಮೇಲಿನ ಲೇಪ ಅಷ್ಟೆ. ಆಯಸ್ಕಾಂತವನ್ನೂ ಹಿಡಿದು ನೋಡಿ. ಅಲಗು ಹಿಡಿಯಬೇಕು. ಹಿಡಿಯ ಮೇಲೆ ಕಪ್ಪು ಲೋಹದಲ್ಲಿ ಬೆಳ್ಳಿಯ ಕುಸುರಿ ಇದ್ದು ಅಲ್ಲಿ ಆಯಸ್ಕಾಂತ ಹಿಡಿಯದಿದ್ದರೆ ಬಿದರಿ ಕೆಲಸವಿರಬಹುದು. ಬಿದರಿಯ ಒಡಲು ಸತುವು, ಅದಕ್ಕೆ ಸ್ವಲ್ಪ ತಾಮ್ರ. ಬೀದರ ಕೋಟೆಯ ಮಣ್ಣು ನವಸಾಗರ ಕೂಡಿಸಿ ತಿಕ್ಕಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇಷ್ಟು ನೋಡಿದ ಮೇಲೂ ಕೊನೆಯ ಮಾತು ಬಲ್ಲವರದೇ.

ಎಲ್ಲಕ್ಕಿಂತ ಹೆಚ್ಚು ಹೇಳಬಲ್ಲದ್ದು ಆ ಬರಹ. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಅರಿಶಿನ, ಖಡಿ ಯಾವುದನ್ನೂ ಹಚ್ಚಬೇಡಿ. ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವ ಕಿಟಕಿಯ ಬಳಿ ಇಟ್ಟು, ಎರಡೂ ಬದಿಯ ಫೋಟೊ ತೆಗೆಯಿರಿ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ಪರ್ಷಿಯನ್ ವಿಭಾಗವೇ ಇದೆ. ಫಾರಸಿ ಓದಬಲ್ಲ ಹಿರಿಯರು ನಿಮ್ಮ ಓಣಿಯ ಸುತ್ತಲೇ ಸಿಕ್ಕಾರು. ಒಬ್ಬರ ಓದನ್ನೇ ನಂಬದೆ ಇಬ್ಬರಿಂದ ಬೇರೆಬೇರೆಯಾಗಿ ಓದಿಸಿ, ಇಬ್ಬರ ಓದನ್ನೂ ಬರೆದಿಟ್ಟುಕೊಳ್ಳಿ.

ಬರಹದಲ್ಲಿ ಇಸವಿ ಇದ್ದರೆ ಹುಷಾರು. ನಿಜಾಮನ ಸೀಮೆಯಲ್ಲಿ ಎರಡು ಲೆಕ್ಕ ನಡೆಯುತ್ತಿದ್ದವು: ಧರ್ಮದ ಕೆಲಸಕ್ಕೆ ಹಿಜರಿ, ಸರ್ಕಾರದ ದಫ್ತರಕ್ಕೆ ಫಸಲಿ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಹಿಜರಿಗೆ ಹಾಗೆ ಸುಲಭದ ಕೂಡಿಕೆ ಇಲ್ಲ, ಅದು ಚಂದ್ರನ ವರ್ಷ, ಸುಮಾರು 11 ದಿನ ಕಡಿಮೆ. 1320 ಎಂದು ಕೆತ್ತಿದ್ದರೆ ಹಿಜರಿಯಾದರೆ 1902–03, ಫಸಲಿಯಾದರೆ 1910–11. ಹತ್ತಿರ ಹತ್ತಿರ ಬಂತಲ್ಲ ಎನ್ನಬಹುದು. ಆದರೆ ಫಸಲಿ ಇದ್ದರೆ ಅದು ಸಂಸ್ಥಾನದ ಯಾವುದೋ ಕಚೇರಿಯ ಅಥವಾ ಅಧಿಕಾರಿಯ ಸ್ವತ್ತು ಎಂಬ ಸುಳಿವು, ಹಿಜರಿಯ ಜೊತೆಗೆ ಪ್ರಾರ್ಥನೆಯ ಸಾಲಿದ್ದರೆ ಅದು ಫಕೀರನ ಕಡೆಯ ಸುಳಿವು. ಮಾಲೀಕನ ಹೆಸರೋ ಗುರುವಿನ ಸಿಲ್‌ಸಿಲಾದ ಹೆಸರೋ ಇದ್ದರಂತೂ ಹುಡುಕಲಿಕ್ಕೆ ದಾರಿಯೇ ಸಿಕ್ಕಂತೆ. ಒಂದು ವೇಳೆ ಬರಹ ಓದಲಿಕ್ಕೇ ಬರದ ಅಡ್ಡಾದಿಡ್ಡಿ ಗೀಟುಗಳಾಗಿದ್ದರೆ ಅದೂ ಒಂದು ಉತ್ತರವೇ. ಶೋಕಿಯ ವಸ್ತು ಮಾಡುವವರಿಗೆ ಫಾರಸಿ ಬರಬೇಕೆಂದೇನಿಲ್ಲ, ಫಾರಸಿಯಂತೆ ಕಂಡರೆ ಸಾಕು.

ಹುಣಸೆಹಣ್ಣಿನ ಮಾತಿಗೆ ಬರೋಣ. ಅಣ್ಣನ ಕೈಯಿಂದ ಅದನ್ನು ಇವತ್ತೇ ಬಿಡಿಸಿ. ದೇವರ ಹಿತ್ತಾಳೆ ತಂಬಿಗೆಗೆ ಹುಣಸೆ ಸರಿ. ಕಬ್ಬಿಣದ ಮೇಲೆ ಬಂಗಾರ ಕೂರಿಸಿದ ಕೆಲಸಕ್ಕೆ ಅದು ವಿಷ. ಹುಳಿ ಸಂದಿಯೊಳಗೆ ಇಳಿದು ಕಬ್ಬಿಣವನ್ನು ಕೆಳಗಿನಿಂದ ತಿನ್ನುತ್ತದೆ, ಬಂಗಾರದ ಎಳೆ ತಾನೇ ಉದುರುತ್ತದೆ. ಲಿಂಬೆ, ಬೂದಿ, ಅಂಗಡಿಯ ಪಾಲಿಶ್ ಎಲ್ಲದರ ಕಥೆಯೂ ಅಷ್ಟೆ. ಬಲ್ಲ ಸಂಗ್ರಾಹಕರು ಹಳೆಯ ಕಂದು ಬಣ್ಣದ ಮೈಗೆ ಕೊಡುವ ಬೆಲೆಯನ್ನು ತಿಕ್ಕಿ ಹೊಳೆಸಿದ ಮೈಗೆ ಕೊಡುವುದಿಲ್ಲ. ಆದದ್ದು ಆಯಿತು. ಹುಳಿ ತಾಗಿದ ಬದಿಯನ್ನು ಒದ್ದೆ ಹಿಂಡಿದ ಮೆತ್ತನೆ ಅರಿವೆಯಿಂದ ಒರೆಸಿ, ಕೂಡಲೇ ಒಣ ಅರಿವೆಯಿಂದ ಒರೆಸಿ, ಫ್ಯಾನಿನ ಗಾಳಿಗೆ ಪೂರ್ತಿ ಆರಲು ಬಿಡಿ. ಬಂಗಾರವಿಲ್ಲದ ಬರಿಯ ಕಬ್ಬಿಣದ ಜಾಗಕ್ಕೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಅರಿವೆಗೆ ಹಾಕಿ ತೆಳ್ಳಗೆ ಸವರಿ. ಒಗೆದು ಒಗೆದು ಗಂಜಿ ಹೋದ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿಡಿ. ಉಣ್ಣೆ, ಚರ್ಮ, ಪ್ಲಾಸ್ಟಿಕ್ ಚೀಲ ಬೇಡ. ನಿಮ್ಮ ಊರಿನ ಬೇಸಿಗೆ ಕಬ್ಬಿಣಕ್ಕೆ ಒಳ್ಳೆಯದೇ, ಕೆಡುವುದು ಮಳೆಗಾಲದ ತಂಪಿಗೆ. ಖಂಡೆಪೂಜೆಯನ್ನು ಬಿಡಬೇಕಿಲ್ಲ. ಮುಂದಿನ ನವಮಿಗೆ ಕುಂಕುಮ, ಲಿಂಬೆಹಣ್ಣನ್ನು ಕೊಡಲಿಯ ಮುಂದೆ ತಟ್ಟೆಯಲ್ಲಿಡಿ, ಅಲಗಿನ ಮೇಲೆ ಒಂದು ಒಣ ಹೂವು ಸಾಕು. ಅಪ್ಪ ಇಷ್ಟು ವರ್ಷ ಕೊಯ್ದ ಲಿಂಬೆಹಣ್ಣಿನ ಕಲೆ ಅಲ್ಲಿ ಇದ್ದೇ ಇರುತ್ತದೆ, ಅದನ್ನು ತೆಗೆಯಲಿಕ್ಕೆ ಹೋಗಬೇಡಿ.

ಪೊಲೀಸ್ ಕೇಸಿನ ಅಂಜಿಕೆಗೆ ಪೂರ್ತಿ ಬುಡವಿಲ್ಲ ಎನ್ನಲಾರೆ, ಆದರೆ ಬಾಜೂಮನೆಯವರು ಹೇಳಿದಷ್ಟಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಯುದ್ಧಗೊಡಲಿಯ ಹೆಸರೇ ಇದೆ. ಹೊಲದ, ಅಡುಗೆಮನೆಯ ಉಪಕರಣಗಳು ಅದರಿಂದ ಹೊರಗೆ. ಇಂಥ ಅಲಗಿನ ಆಯುಧಗಳಿಗೆ ಪರವಾನಗಿ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ಟ್ರಂಕಿನಲ್ಲಿ ಸುತ್ತಿಟ್ಟ ಹಳೆಯ ವಸ್ತುವಿಗಾಗಿ ನಿದ್ದೆಗೆಡಬೇಕಿಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದು ಬೀದಿಗೆ ಇಳಿಯಬಾರದು, ಮೆರವಣಿಗೆಗೆ ಒಯ್ಯಬಾರದು. ಅಣ್ಣನ ಮಕ್ಕಳು ಅದನ್ನು ಹಿಡಿದು ರೀಲ್ಸ್ ಮಾಡದಂತೆ ನೋಡಿಕೊಳ್ಳಿ. ಕೇಸು ಬರುವುದಾದರೆ ಆ ದಾರಿಯಿಂದ ಬಂದೀತು. ಪರೀಕ್ಷೆಗೆ ಒಯ್ಯುವಾಗ ಸುತ್ತಿ, ಡಬ್ಬಿಯಲ್ಲಿಟ್ಟು, ಎಲ್ಲಿಗೆ ಯಾತಕ್ಕೆ ಎಂಬ ಒಂದು ಪತ್ರ ಜೊತೆಗಿಟ್ಟುಕೊಂಡು, ದೊಡ್ಡವರೇ ಒಯ್ಯಲಿ.

ಇನ್ನೊಂದು ಕಾನೂನು ನಿಮಗೆ ನಿಜವಾಗಿ ಸಂಬಂಧಿಸಿದ್ದು, 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ. 100 ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತು ಎನಿಸಿಕೊಳ್ಳುತ್ತದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ಕಡ್ಡಾಯ ನೋಂದಣಿ ಇರುವುದು ಮುಖ್ಯವಾಗಿ ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿಗಳಿಗೆ. ಆದರೆ ಅದರ ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು. ದೇಶದ ಹೊರಗೆ ಸಾಗಿಸುವಂತಿಲ್ಲ. ಸಾಗಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು. ಹೈದರಾಬಾದಿನ ಆ ವ್ಯಾಪಾರಿಗೆ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಲೈಸೆನ್ಸ್ ತೋರಿಸ್ರಿ.’ ಆಮೇಲೆ ಅವನು ಮತ್ತೆ ನಿಮ್ಮ ಬಾಗಿಲಿಗೆ ಬರುತ್ತಾನೋ ಇಲ್ಲವೋ ನೋಡಿ. ಇವತ್ತೇ ಹೇಳಿ, ನಾಳೆ ಈ ಬೆಲೆ ಸಿಗುವುದಿಲ್ಲ ಎನ್ನುವವನೊಡನೆ ಯಾವ ವ್ಯವಹಾರವೂ ಬೇಡ.

ತಮ್ಮನ ಕೋಟಿಯ ಲೆಕ್ಕಕ್ಕೂ ಇಲ್ಲೇ ಉತ್ತರವಿದೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಒಂದು ಖಡ್ಗ 1.4 ಕೋಟಿ ಪೌಂಡ್‌ಗೆ ಹೋಯಿತು. ಅವನು ನೋಡಿದ್ದು ಅಂಥದ್ದೇ ಯಾವುದೋ ಇರಬೇಕು. ಆ ಹಣ ಬಂದದ್ದು ಉಕ್ಕಿಗಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕದ್ದು, ಬ್ರಿಟಿಷ್ ಸೇನೆಯವರು ತಮ್ಮ ಜನರಲ್ ಬೇರ್ಡ್‌ಗೆ ಕೊಟ್ಟದ್ದು ಎಂಬ ಸಂಗತಿ ಕಾಗದದಲ್ಲಿ, ಖಡ್ಗದ ಮೈಮೇಲೆ ಎಲ್ಲ ಕಡೆ ದಾಖಲಾಗಿತ್ತು. ನಿಮ್ಮ ಕೊಡಲಿ 100 ವರ್ಷ ದಾಟಿದ್ದರೆ ಕಾನೂನುಪ್ರಕಾರ ಲಂಡನ್ನಿಗೆ ಹೋಗಲಾರದು, ಅಲ್ಲಿನ ಬೆಲೆ ಇಲ್ಲಿ ಬರಲಾರದು. ಅದರ ಕಥೆ ಇನ್ನೂ ಒಂದು ಕಾಗದದ ಮೇಲೂ ಬಂದಿಲ್ಲ. ಅದು ಇರುವುದು ನಿಮ್ಮ ಅವ್ವನ ನೆನಪಿನಲ್ಲಿ ಮಾತ್ರ, ಆ ಅವ್ವನನ್ನು ನೀವೆಲ್ಲ ಕೂಡಿ ಉಪವಾಸ ಕೆಡವಿದ್ದೀರಿ.

ವೈನಿಯ ಮಾತಿಗೆ ನಗಬೇಡಿ. ಮನೆಯ ಹಿರಿಯರು ಹೋದಾಗ ಕಾರಣ ಹುಡುಕುವುದು ದುಃಖದ ಒಂದು ರೀತಿ. ಆಕೆಯನ್ನು ಕರೆದು ಜಗಲಿಯ ಮುಂದೆ ಕೂರಿಸಿಕೊಳ್ಳಿ, ಅಲ್ಲಿರುವ ಗಣಪತಿಯ ಕೈ ನೋಡಲು ಹೇಳಿ. ಹಿಂದಿನ ಒಂದು ಕೈಯಲ್ಲಿ ಹಲವು ಕಡೆ ಪರಶು ಇರುತ್ತದೆ, ಪರಶು ಎಂದರೆ ಕೊಡಲಿಯೇ. ದಕ್ಷಿಣದ ಹಲವು ಶಿವಮೂರ್ತಿಗಳಲ್ಲಿ ಒಂದು ಕೈಗೆ ಜಿಂಕೆ, ಇನ್ನೊಂದಕ್ಕೆ ಕೊಡಲಿ. ಸವದತ್ತಿ ಎಲ್ಲಮ್ಮನ ಮಗ ಪರಶುರಾಮ ರಕ್ತದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದದ್ದು ಐಹೊಳೆಯಲ್ಲಿ ಎಂದು ಜನ ಇವತ್ತಿಗೂ ಹೊಳೆದಂಡೆಯ ಕೊಡಲಿಯಾಕಾರದ ಬಂಡೆ ತೋರಿಸುತ್ತಾರೆ. ಗುಪ್ತರ ಸಮುದ್ರಗುಪ್ತ ಕೊಡಲಿ ಹಿಡಿದು ನಿಂತ ತನ್ನ ಚಿತ್ರವನ್ನು ಬಂಗಾರದ ನಾಣ್ಯದ ಮೇಲೆ ಅಚ್ಚು ಹಾಕಿಸಿದ. 1916ರಿಂದ 1945ರವರೆಗೆ ಅಮೆರಿಕದ 10 ಸೆಂಟಿನ ನಾಣ್ಯದ ಬೆನ್ನಿನ ಮೇಲೂ ಕಟ್ಟಿಗೆಯ ಕಟ್ಟಿನಲ್ಲಿ ಸಿಕ್ಕಿಸಿದ ಕೊಡಲಿ ಇತ್ತು. ಅಷ್ಟೇಕೆ, ಗಲ್ಫಿನಿಂದ ಬಂದವರು ತಂದುಕೊಡುವ ತಲೆನೋವಿನ ಸಣ್ಣ ಎಣ್ಣೆ ಶೀಸೆಯ ಮೇಲೂ ಕೊಡಲಿಯೇ. ಸಿಂಗಪುರದ ಆ ಕಂಪನಿ 1928ರಿಂದ ಅದೇ ಗುರುತು ಹಾಕುತ್ತ ಬಂದಿದೆ. ವೈನಿಯ ಪರ್ಸಿನಲ್ಲೂ ಒಂದು ಇದ್ದರೆ ಆಶ್ಚರ್ಯವಿಲ್ಲ.

ಅಪಶಕುನಕ್ಕೆ ಅಂಜಿ ಕೊಟ್ಟವರ ಉದಾಹರಣೆ ದೊಡ್ಡವರಲ್ಲೂ ಇದೆ. 2003ರಲ್ಲಿ ಲಂಡನ್ ಹರಾಜಿನಲ್ಲಿ ಟಿಪ್ಪುವಿನ ಇನ್ನೊಂದು ಖಡ್ಗ ಕೊಂಡ ಉದ್ಯಮಿ ವಿಜಯ್ ಮಲ್ಯ, ಅದು ಮನೆಗೆ ಒಳ್ಳೆಯದಲ್ಲವೆಂದು ಕೊಟ್ಟುಬಿಟ್ಟರೆಂದು 2018ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ಮಾತು ಬಂದದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅವರ ಬ್ಯಾಂಕ್ ಸಾಲ ಖಡ್ಗ ಮಾಡಿದ್ದಲ್ಲ ಎಂಬುದು ವೈನಿಗೂ ಗೊತ್ತು. ಅಷ್ಟಾದರೂ ಆಕೆಗೆ ಮನಸ್ಸು ಒಪ್ಪದಿದ್ದರೆ ಆ ಮನೆಯಲ್ಲಿಡುವುದು ಬೇಡ, ನಿಮ್ಮ ಮನೆಯಲ್ಲಿಡಿ. ಹೊಳೆಗೆ ಒಗೆಯುವ ಮಾತು ಮಾತ್ರ ಬೇಡ, ಅಮಾನತನ್ನು ಹೊಳೆಗೆ ಒಗೆದ ಮನೆ ಎಂಬ ಹೆಸರು ಶಹಾಬಜಾರದಲ್ಲಿ ಬಲುಬೇಗ ಹಬ್ಬುತ್ತದೆ.

ಕಮಲಾಪುರದ ಕಲ್ಲಿನ ಕೊಡಲಿ ಬೇರೆಯದೇ ವಿಷಯ, ಅದನ್ನು ಇದರ ಕೂಡ ಗಂಟು ಹಾಕಬಾರದು. ಕರಿಯ ಕಲ್ಲನ್ನು ಉಜ್ಜಿ ನುಣ್ಣಗೆ ಮಾಡಿದ ಅಂಥ ಕೊಡಲಿಗಳು ನವಶಿಲಾಯುಗದವು, ಸುಮಾರು 4,000 ವರ್ಷಗಳ ಹಿಂದೆ ಇಲ್ಲಿ ದನ ಸಾಕಿ ಬೆಳೆ ಬೆಳೆದವರ ಕೈಯವು. ಬಳ್ಳಾರಿಯ ಸಂಗನಕಲ್ಲು ಗುಡ್ಡದಲ್ಲಿ ಅವನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದ ಜಾಗವೇ ಸಿಕ್ಕಿದೆ. ನಮ್ಮ ಹಳ್ಳಿಗಳಲ್ಲಿ ಇವನ್ನು ಸಿಡಿಲಿನ ಕಲ್ಲೆಂದು ಬೇವಿನ ಬುಡದಲ್ಲಿ, ಗುಡಿಯ ಕಟ್ಟೆಯಲ್ಲಿ ಇಟ್ಟು ಪೂಜಿಸುವವರಿದ್ದಾರೆ. ಇನ್ನೂ ಹಿಂದೆ ಹೋದರೆ ಸುರಪುರದ ಕಡೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಪ್ರೊ. ಕೆ. ಪದ್ದಯ್ಯ ಅವರು ಬೆಳಕಿಗೆ ತಂದ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷದ ಅಂದಾಜಿದೆ. ನೆಲದಲ್ಲಿ ಸಿಕ್ಕ ಹಳೆಯ ವಸ್ತು ಹೊಲದವನದೆಂದು ಮಾರಲಾಗದು. ಅದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಸಿಕ್ಕ ಹೊಲ, ಸರ್ವೆ ನಂಬರು, ಎಷ್ಟು ಆಳದಲ್ಲಿ ಸಿಕ್ಕಿತು ಎಂದು ಬರೆದು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಲು ತಮ್ಮನಿಗೆ ಹೇಳಿ. ಮಾರುಕಟ್ಟೆಯಲ್ಲಿ ಆ ಕಲ್ಲಿಗೆ ದೊಡ್ಡ ಬೆಲೆ ಇಲ್ಲ. ಎಲ್ಲಿ ಸಿಕ್ಕಿತೆಂಬ ಮಾಹಿತಿ ಇದ್ದರೆ ಅಗೆದು ನೋಡುವವರಿಗೆ ಅದರಿಂದ ಲಾಭ, ಮಾಹಿತಿ ಕಳೆದರೆ ಅದು ಖಾರ ಅರೆಯಲಿಕ್ಕೂ ಬಾರದ ಕಲ್ಲು.

ಈಗ ನಿಮ್ಮ ಮಾತು. ‘ಕೊಟ್ಟ ಮನೆಯ ಹೆಣ್ಣು, ನಿನಗ್ಯಾಕ’ ಎಂಬುದಕ್ಕೆ ನೀವು ಸುಮ್ಮನಾಗಬೇಡಿ. ಅಪ್ಪ ಉಯಿಲು ಬರೆಯದೆ ಹೋಗಿದ್ದರೆ ಅವರ ಸ್ವಂತದ್ದೆಲ್ಲದರಲ್ಲಿ ಅವ್ವ, ಅಣ್ಣ, ತಮ್ಮ, ನೀವು ನಾಲ್ವರಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಕೊಡಲಿ ಆಸ್ತಿ ಎಂದು ಅಣ್ಣತಮ್ಮ ಹಟ ಹಿಡಿದರೆ ನಿಮ್ಮದೂ ಅವ್ವನದೂ ಸೇರಿ ಅರ್ಧ ಪಾಲು, ನೀವಿಬ್ಬರು ಒಪ್ಪದೆ ಅದು ಮನೆಯಿಂದ ಹೊರಗೆ ಹೋಗಲಾರದು. ಕೊಡಲಿ ಅಮಾನತು ಎಂದು ಒಪ್ಪಿದರೆ ಯಾರಿಗೂ ಪಾಲಿಲ್ಲ, ಕಾಯುವ ಕೆಲಸ ಮಾತ್ರ. ಎರಡರಲ್ಲಿ ಯಾವುದಾದರೂ ಆರಿಸಿಕೊಳ್ಳಲಿ. ಈ ಲೆಕ್ಕವನ್ನು ಜೋರುಮಾಡಿ ಹೇಳಬೇಡಿ, ಒಮ್ಮೆ ಹೇಳಿ ಬಿಡಿ. ಹಕ್ಕಿನ ಮಾತು ಹೇಳುವಾಗ ದನಿ ಏರಿದರೆ ಕೇಳುವವರು ದನಿಯನ್ನಷ್ಟೇ ಕೇಳುತ್ತಾರೆ.

ನಿಮ್ಮ ಅಣ್ಣ ದುಷ್ಟನೆಂದು ನನಗನಿಸಲಿಲ್ಲ. ಅಪ್ಪನ ಔಷಧ, ತಿಥಿ, ಮನೆಯ ಖರ್ಚು ಅವನ ಹೆಗಲ ಮೇಲೆ ಬಿದ್ದಿರಬೇಕು, 40 ಸಾವಿರ ಅವನಿಗೆ ಸಾಲ ತೀರುವ ದಾರಿಯಾಗಿ ಕಂಡಿರಬೇಕು. ತಮ್ಮ ದೂರದಲ್ಲಿರುವವನು, ತನ್ನನ್ನು ಕೇಳದೆ ಮನೆಯಲ್ಲಿ ಏನೋ ನಡೆಯುತ್ತಿದೆ ಎಂಬ ಅನುಮಾನ ಅವನಿಗೆ. ಇಬ್ಬರ ನೋವೂ ಕೊಡಲಿಯದಲ್ಲ, ಅಪ್ಪ ಹೋದ ಮೇಲೆ ಮನೆಯ ಲೆಕ್ಕವನ್ನು ಒಮ್ಮೆಯೂ ಕೂತು ಮಾಡದ್ದರದು. ಆ ಲೆಕ್ಕವನ್ನು ಬೇರೆ ದಿನ ಬೇರೆಯಾಗಿಯೇ ಮಾಡಿ. ಅಣ್ಣ ಖರ್ಚು ಮಾಡಿದ್ದಿದ್ದರೆ ತಮ್ಮನೂ ನೀವೂ ಅದರಲ್ಲಿ ಪಾಲು ಕೊಡಿ. ನೀವು ಕೊಟ್ಟ ದಿನ ಅವನಿಗೆ ವ್ಯಾಪಾರಿಯ ನೆನಪು ಅರ್ಧ ಕಡಿಮೆಯಾದೀತು.

ಈ ಬರುವ ಆದಿತ್ಯವಾರ ತಮ್ಮನನ್ನು ಕರೆಸಿ. ಅವ್ವನ ಮುಂದೆ ಮೂವರೂ ಕೂತು, ಅಜ್ಜ ಹೇಳಿದ್ದನ್ನು ಆಕೆಯ ಬಾಯಿಂದ ಕೇಳಿ ಆಕೆಯ ಮಾತಿನಲ್ಲೇ ಬರೆದುಕೊಳ್ಳಿ, ಮೊಬೈಲಿನಲ್ಲೂ ಹಿಡಿದಿಡಿ. ಫಕೀರನ ಹೆಸರು, ರೂಪ, ಯಾವ ತಕಿಯಾದಲ್ಲಿ, ಅಂದರೆ ಫಕೀರರ ಬಿಡಾರದಲ್ಲಿ, ಇರುತ್ತಿದ್ದ, ಅಜ್ಜನಿಗೂ ಅವನಿಗೂ ಗುರುತು ಹೇಗೆ ಎಂದು ಕೇಳಿ. ಗೊತ್ತಿಲ್ಲ ಎಂದರೆ ಅದನ್ನೂ ಬರೆಯಿರಿ, ನೀವು ತುಂಬಿಸಬೇಡಿ. ನಾಲ್ವರೂ ಸಹಿ ಮಾಡಿ. ಆಮೇಲೆ ಫೋಟೊ ಹಿಡಿದು ದರ್ಗಾದ ಹಿರಿಯರನ್ನು ಕೇಳಿ, ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ತೋರಿಸಿ. ಹೈದರಾಬಾದಿಗೆ ಹೋದಾಗ ಸಾಲಾರ್‌ಜಂಗ್ ಮ್ಯೂಸಿಯಮ್ಮಿನ ಆಯುಧಗಳ ವಿಭಾಗದಲ್ಲಿ ಇಂಥದ್ದನ್ನು ಹೋಲಿಸಿ ನೋಡಿ. ಫಕೀರನ ಕಡೆಯವರು, ಅವನ ಗುರುಪರಂಪರೆಯವರು ಯಾರಾದರೂ ಸಿಕ್ಕರೆ ಅವ್ವನ ಕೈಯಿಂದಲೇ ಕೊಡಿಸಿ. ಯಾರೂ ಸಿಗದಿದ್ದರೆ ಅವ್ವ ಇರುವತನಕ ಆಕೆಯ ಟ್ರಂಕಿನಲ್ಲೇ ಇರಲಿ, ಆಮೇಲೆ ಆ ಬರಹದ ಪ್ರತಿಯೊಂದಿಗೆ ಸಂಗ್ರಹಾಲಯಕ್ಕೆ ಒಪ್ಪಿಸಿ ರಸೀದಿ ಪಡೆಯಿರಿ. ಪರೀಕ್ಷೆಯಲ್ಲಿ ಅದು ಶೋಕಿಯ ಹೊಸ ಕೊಡಲಿ ಎಂದು ತಿಳಿದರೆ ಜಗಳ ಅಲ್ಲಿಗೇ ಮುಗಿಯಿತು, ಅಣ್ಣ ಬೇಕಾದರೆ ಗೋಡೆಗೆ ತೂಗಹಾಕಿಕೊಳ್ಳಲಿ.

ಓದುಗರಲ್ಲಿ ಒಂದು ವಿನಂತಿ. ಕಲಬುರಗಿಯ ಹಿರಿಯರಲ್ಲಿ, ದರ್ಗಾದ ಸುತ್ತಲಿನವರಲ್ಲಿ, 1948ರಲ್ಲಿ ಊರು ಬಿಟ್ಟು ಹೋದವರ ಮಕ್ಕಳು ಮೊಮ್ಮಕ್ಕಳಲ್ಲಿ ಯಾರಾದರೂ ಶಹಾಬಜಾರದ ಒಂದು ಮನೆಯಲ್ಲಿ ಕೊಡಲಿ ಬಿಟ್ಟುಹೋದ ಫಕೀರನ ಮಾತು ಕೇಳಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಈ ತಂಗಿಯ ಪತ್ರದಲ್ಲಿದ್ದ ಎರಡು ಗುರುತುಗಳನ್ನು ನಾನು ಬೇಕೆಂದೇ ಇಲ್ಲಿ ಅಚ್ಚು ಹಾಕಿಸಿಲ್ಲ. ಆ ಗುರುತುಗಳನ್ನು ಹೇಳಿದವರ ಪತ್ರ ಮಾತ್ರ ಶಹಾಬಜಾರದ ಆ ಮನೆಗೆ ತಲುಪುತ್ತದೆ.